ಓದುಗರ ಪ್ರಶ್ನೆ: ಇನ್ನೈದು ಸೆಂಟಿಮೀಟರ್ ಮೇಲಕ್ಕೆ

ಈ ಸಲ ಬಂದ ಪ್ರಶ್ನೆಗಳಲ್ಲಿ ಬಹುಪಾಲು ಜಿಗಿತದ್ದೇ. ಉದ್ದಕ್ಕೆ ಹಾರುವುದಲ್ಲ, ನೆಟ್ಟಗೆ ಮೇಲಕ್ಕೆ ಜಿಗಿಯುವುದು. ಆಟಗಾರರ ಬಾಯಲ್ಲಿ ‘ವರ್ಟಿಕಲ್’. ಒಂದೇ ಬಗೆಯ ಪ್ರಶ್ನೆಗಳನ್ನು ಸೇರಿಸಿ ಉತ್ತರಿಸಿದ್ದೇವೆ.

ಪ್ರಶ್ನೆ: ವಯಸ್ಸು 34, ಕುಳಿತು ಮಾಡುವ ಕೆಲಸ. ವಾರಕ್ಕೆರಡು ಸಂಜೆ ವಾಲಿಬಾಲ್ ಆಡುತ್ತೇನೆ. ಆರು ತಿಂಗಳಿಂದ ಜಿಗಿತ ಹೆಚ್ಚಿಸಿಕೊಳ್ಳುವ ಹುಚ್ಚು ಹಿಡಿದಿದೆ. ‘ಈ ವಯಸ್ಸಲ್ಲಿ ಎಗರಿ ಯಾರನ್ನು ಗೆಲ್ಲಬೇಕು?’ ಅಂತ ಮನೆಯಲ್ಲಿ ಕೇಳುತ್ತಾರೆ. ನನಗೂ ಉತ್ತರ ಹೊಳೆಯುತ್ತಿಲ್ಲ. ನನ್ನಂಥವರು ಇದರ ಹಿಂದೆ ಬೀಳುವುದೇಕೆ?

ಉತ್ತರ: ಮೊದಲ ಕಾರಣ ನೆಟ್ಟಿನ ಲೆಕ್ಕದಲ್ಲೇ ಇದೆ. ಗಂಡಸರ ವಾಲಿಬಾಲ್ ನೆಟ್ 2.43 ಮೀಟರ್. ನಿಮ್ಮ ಎತ್ತರ 175 ಸೆಂ.ಮೀ. ಎಂದಿಟ್ಟುಕೊಳ್ಳಿ, ಕೈ ಎತ್ತಿ ನಿಂತರೆ ಬೆರಳ ತುದಿ ಹೆಚ್ಚುಕಡಿಮೆ 2.28 ಮೀಟರ್ ಮುಟ್ಟುತ್ತದೆ. 45 ಸೆಂ.ಮೀ. ಜಿಗಿದರೆ 2.73. ನೆಟ್ಟಿಗಿಂತ 30 ಸೆಂ.ಮೀ. ಮೇಲೆ, ಸಾಕಲ್ಲವೇ ಅನ್ನಿಸುತ್ತದೆ. ಆದರೆ ಚೆಂಡಿಗೆ ಹೊಡೆಯುವುದು ಬೆರಳ ತುದಿಯಿಂದಲ್ಲ, ಅಂಗೈಯಿಂದ, 10 ಸೆಂ.ಮೀ. ಕಳೆಯಿರಿ. ಚೆಂಡಿನ ವ್ಯಾಸ ಸುಮಾರು 21 ಸೆಂ.ಮೀ.; ನಡುವಿಗೆ ಹೊಡೆದರೆ ಕೆಳಗಿನ ಅರ್ಧಕ್ಕೆ ಇನ್ನೂ 10 ಹೋಯಿತು. ಉಳಿದದ್ದು 10 ಸೆಂ.ಮೀ. ಸಂದಿ. ಈಗ ಜಿಗಿತ 50ಕ್ಕೆ ಏರಲಿ. ಜಿಗಿತದಲ್ಲಿ ಹೆಚ್ಚಿದ್ದು ಒಂಬತ್ತನೇ ಒಂದು ಪಾಲು, ಸಂದಿಯಲ್ಲಿ ಹೆಚ್ಚಿದ್ದು ಅರ್ಧದಷ್ಟು. ನಿನ್ನೆವರೆಗೆ ನೆಟ್ಟಿಗೆ ಬಡಿಯುತ್ತಿದ್ದ ಹೊಡೆತ ಇವತ್ತು ದಾಟುತ್ತದೆ. ಐದು ಸೆಂಟಿಮೀಟರ್‌ಗಾಗಿ ಜನ ತಿಂಗಳುಗಟ್ಟಲೆ ಬೆವರು ಸುರಿಸುವುದು ಸುಮ್ಮನೆ ಅಲ್ಲ.

ಎರಡನೆಯದು, ಜಿಗಿತದ ಅಂಕಿ ಪೂರ್ತಿ ನಿಮ್ಮದೇ. ಪಂದ್ಯದ ಸೋಲು ಗೆಲುವಿನಲ್ಲಿ ಜೊತೆಗಾರರ ಪಾಲಿದೆ, ಎದುರಾಳಿಯ ಪಾಲಿದೆ. ಜಿಗಿದು ಗೋಡೆಯ ಮೇಲೆ ಹಾಕಿದ ಸೀಮೆಸುಣ್ಣದ ಗುರುತಿನಲ್ಲಿ ಯಾರ ಪಾಲೂ ಇಲ್ಲ. ಅಮೆರಿಕದ ವ್ಯಾಯಾಮ ಶಿಕ್ಷಣ ತಜ್ಞ ಡಡ್ಲಿ ಸಾರ್ಜೆಂಟ್ 1921ರಲ್ಲಿ ಮನುಷ್ಯನ ದೇಹಶಕ್ತಿಗೆ ಪರೀಕ್ಷೆಯೆಂದು ಇದನ್ನೇ ಮುಂದಿಟ್ಟರು. ನಿಂತಲ್ಲಿಂದ ಜಿಗಿದು ಅಳೆಯುವುದಕ್ಕೆ ‘ಸಾರ್ಜೆಂಟ್ ಜಂಪ್’ ಎಂಬ ಹೆಸರು ಇಂದಿಗೂ ಬಳಕೆಯಲ್ಲಿದೆ.

ಮೂರನೆಯದನ್ನು ಮನೆಯವರಿಗೆ ಹೇಳಬಹುದು. ಕಾಲುಗಳು ಎಷ್ಟು ಬಲವನ್ನು ಎಷ್ಟು ಬೇಗ ಹುಟ್ಟಿಸಬಲ್ಲವು ಎಂಬುದೇ ಜಿಗಿತದ ಅಳತೆ. ವಯಸ್ಸಾದಂತೆ ಭಾರ ಎತ್ತುವ ಬಲಕ್ಕಿಂತ ಈ ಚುರುಕು ಬಲ ಬೇಗ ಇಳಿಯುತ್ತದೆ. ಮೆಟ್ಟಿಲಲ್ಲಿ ಕಾಲು ಜಾರಿದಾಗ ಇನ್ನೊಂದು ಕಾಲು ಥಟ್ಟನೆ ಮುಂದೆ ಬಂದು ಆತುಕೊಳ್ಳುವುದು ಇದೇ ಬಲದಿಂದ.

ತೋರಿಕೆಯೂ ಇದೆ, ಇಲ್ಲವೆನ್ನುವುದೇಕೆ? ಬ್ಯಾಸ್ಕೆಟ್‌ಬಾಲ್ ಆಡುವವರಲ್ಲಿ ಅರ್ಧ ಜನರ ಕಣ್ಣು ಡಂಕ್ ಮೇಲೆ, ಅಂದರೆ ಎಗರಿ ಚೆಂಡನ್ನು ಬಳೆಯೊಳಗೆ ತುರುಕುವುದರ ಮೇಲೆ. ಬಳೆಯ ಎತ್ತರ 3.05 ಮೀಟರ್. ಮೇಲೆ ಹೇಳಿದ 175 ಸೆಂ.ಮೀ. ಎತ್ತರದವರು ಅದನ್ನು ಬರೀ ಮುಟ್ಟಲು 77 ಸೆಂ.ಮೀ. ಜಿಗಿಯಬೇಕು, ಚೆಂಡನ್ನು ಒಳಗೆ ತುರುಕಲು ಕನಿಷ್ಠ ಇನ್ನೂ 15. ಜಿಗಿತದ ತರಬೇತಿ ಕುರಿತ ಅಧ್ಯಯನಗಳನ್ನು ಒಟ್ಟುಗೂಡಿಸಿ 2007ರಲ್ಲಿ ಬಂದ ವಿಮರ್ಶೆಯೊಂದರ ಪ್ರಕಾರ, ಇಂಥ ತರಬೇತಿಯಿಂದ ಜಿಗಿತ ಸರಾಸರಿ ಶೇ. 5ರಿಂದ 9ರಷ್ಟು ಏರುತ್ತದೆ. 45 ಸೆಂ.ಮೀ. ಜಿಗಿಯುವವರಿಗೆ ಅದು ಎರಡರಿಂದ ನಾಲ್ಕು ಸೆಂ.ಮೀ. ವಾಲಿಬಾಲ್ ನೆಟ್ಟಿನ ಮುಂದೆ ಅದು ದೊಡ್ಡ ಮೊತ್ತ, ಡಂಕ್‌ನ ಮುಂದೆ ಚಿಲ್ಲರೆ.

ಪ್ರಶ್ನೆ: ಗೋಡೆಗೆ ಗುರುತು ಹಾಕಿ ಅಳೆದರೆ ನನ್ನ ಜಿಗಿತ 46 ಸೆಂ.ಮೀ. ಮೊಬೈಲ್ ಆ್ಯಪ್ 52 ಎನ್ನುತ್ತದೆ. ಯಾವುದನ್ನು ನಂಬಲಿ?

ಉತ್ತರ: ಗೋಡೆಯನ್ನು. ಆ್ಯಪ್ ನಿಮ್ಮ ಎತ್ತರವನ್ನು ಅಳೆಯುವುದೇ ಇಲ್ಲ; ಪಾದ ನೆಲ ಬಿಟ್ಟ ಕ್ಷಣದಿಂದ ಮತ್ತೆ ನೆಲ ಮುಟ್ಟುವವರೆಗಿನ ಸಮಯ ಹಿಡಿದು ಎತ್ತರ ಲೆಕ್ಕ ಹಾಕುತ್ತದೆ. ಸೂತ್ರ ಸುಲಭ: ಸೆಕೆಂಡಿನ ಲೆಕ್ಕದ ಸಮಯವನ್ನು ಅದರಿಂದಲೇ ಗುಣಿಸಿ, ಬಂದದ್ದನ್ನು 1.226ರಿಂದ ಗುಣಿಸಿದರೆ ಮೀಟರ್‌ನಲ್ಲಿ ಎತ್ತರ. 0.5 ಸೆಕೆಂಡಿಗೆ 31 ಸೆಂ.ಮೀ., 0.6ಕ್ಕೆ 44.

ನಿಮ್ಮ ಎರಡು ಅಂಕಿಗಳಲ್ಲಿ ಒಂದು ವಿಚಿತ್ರವಿದೆ. ಸರಿಯಾಗಿ ಅಳೆದರೆ ಗೋಡೆಯ ಅಂಕಿಯೇ ಆ್ಯಪ್‌ಗಿಂತ ಹೆಚ್ಚು ಬರಬೇಕು. ಗೋಡೆಯ ಅಳತೆ ಶುರುವಾಗುವುದು ಹಿಮ್ಮಡಿ ನೆಲದಲ್ಲಿರುವಾಗ. ಜಿಗಿಯುವಾಗ ತುದಿಗಾಲಿಗೇರಿದ ಹತ್ತು ಸೆಂ.ಮೀ. ಆಸುಪಾಸು ಅದರಲ್ಲಿ ಸೇರುತ್ತದೆ. ಆ್ಯಪ್‌ನ ಗಡಿಯಾರ ಓಡುವುದು ತುದಿಗಾಲೂ ನೆಲ ಬಿಟ್ಟ ಮೇಲೆ. ಅಂದರೆ ಆ್ಯಪ್‌ನಲ್ಲಿ 36ರ ಸುತ್ತಮುತ್ತ ಬರಬೇಕಿತ್ತು. 52 ಬಂದಿದ್ದರೆ ಸುಮಾರು 0.1 ಸೆಕೆಂಡ್ ಎಲ್ಲೋ ಹೆಚ್ಚಾಗಿ ಸೇರಿಕೊಂಡಿದೆ.

ಹಾಗಾಗುವುದು ಎರಡು ಕಡೆ. ಒಂದು, ಇಳಿಯುವಾಗ ಮಂಡಿ ಮಡಚಿದರೆ ಪಾದ ತಡವಾಗಿ ನೆಲ ಸೇರುತ್ತದೆ, ಯಂತ್ರಕ್ಕೆ ನೀವು ಇನ್ನೂ ಮೇಲಿದ್ದಂತೆ. ಎರಡು, ಸಾಮಾನ್ಯ ವಿಡಿಯೊದಲ್ಲಿ ಸೆಕೆಂಡಿಗೆ 30 ಚಿತ್ರ. ಒಂದೇ ಒಂದು ಚಿತ್ರ ಹೆಚ್ಚುಕಡಿಮೆಯಾದರೆ ಸುಮಾರು 5 ಸೆಂ.ಮೀ. ವ್ಯತ್ಯಾಸ. ಸೆಕೆಂಡಿಗೆ 240 ಚಿತ್ರದ ಸ್ಲೋ ಮೋಷನ್‌ನಲ್ಲಿ ಅದೇ ತಪ್ಪು ಅರ್ಧ ಸೆಂ.ಮೀ. ಚಿಲ್ಲರೆಗೆ ಇಳಿಯುತ್ತದೆ. ಫೋನನ್ನು ನೆಲಕ್ಕೆ ತಾಗಿಸಿ ಪಾದದ ಮಟ್ಟದಲ್ಲಿಡಿ, ಕಾಲು ನೆಟ್ಟಗಿಟ್ಟು ತುದಿಗಾಲಲ್ಲೇ ಇಳಿಯಿರಿ, ಮಂಡಿ ಮಡಚುವುದು ಪಾದ ನೆಲ ಮುಟ್ಟಿದ ಮೇಲೆ.

ಗೋಡೆಯೂ ಮೋಸ ಮಾಡುತ್ತದೆ, ಆದರೆ ಅದು ನಾವೇ ಮಾಡಿಸುವ ಮೋಸ. ನಿಂತು ಕೈ ಎತ್ತುವಾಗ ಭುಜ ಸಡಿಲ ಬಿಟ್ಟರೆ ಗುರುತು ಮೂರು ನಾಲ್ಕು ಸೆಂ.ಮೀ. ಕೆಳಗೆ ಬೀಳುತ್ತದೆ, ಜಿಗಿತ ಪುಕ್ಕಟೆ ಅಷ್ಟು ಹೆಚ್ಚುತ್ತದೆ. ಪಕ್ಕ ಗೋಡೆಗೆ ತಾಗಿ, ಹಿಮ್ಮಡಿ ಊರಿ, ಭುಜವನ್ನು ಕಿವಿಗೆ ಒತ್ತುವಷ್ಟು ಎತ್ತಿ ಮೊದಲ ಗುರುತು ಹಾಕಿ. ಆಮೇಲೆ ಗೋಡೆಯಿಂದ ಒಂದು ಗೇಣು ಸರಿದು, ಬೆರಳ ತುದಿಗೆ ಸೀಮೆಸುಣ್ಣ ಬಳಿದು ಜಿಗಿಯಿರಿ. ನಡುವೆ ಒಂದೊಂದು ನಿಮಿಷ ಬಿಡುವಿಟ್ಟು ಐದು ಸಲ. ಎಲ್ಲಕ್ಕಿಂತ ಮೇಲಿನದನ್ನು ಬರೆದುಕೊಳ್ಳಿ. ತಿಂಗಳಿಗೊಮ್ಮೆ ಅಳೆದರೆ ಸಾಕು, ಅದೇ ಶೂ, ಅದೇ ಹೊತ್ತು. ದಿನಾ ಅಳೆಯುವುದು ನೆಟ್ಟ ಬೀಜವನ್ನು ದಿನಾ ಕೆದಕಿ ನೋಡಿದಂತೆ, ಒಂದೆರಡು ಸೆಂ.ಮೀ. ಏರಿಳಿತ ನಿದ್ದೆಯಿಂದಲೂ ಬರುತ್ತದೆ.

ಪ್ರಶ್ನೆ: ಜಿಮ್‌ನಲ್ಲಿ ಬಾರ್ಬೆಲ್ ಸ್ಕ್ವಾಟ್ (ಭಾರದ ಸರಳನ್ನು ಹೆಗಲ ಮೇಲಿಟ್ಟು ಬಸ್ಕಿ) ನನ್ನ ದೇಹತೂಕದ ಒಂದೂವರೆ ಪಟ್ಟಿಗೆ ಬಂದಿದೆ. ಮೊದಲ ವರ್ಷ ಜಿಗಿತವೂ ಏರಿತು. ಒಂದು ವರ್ಷದಿಂದ ಸ್ಕ್ವಾಟ್ ಏರುತ್ತಿದೆ, ಜಿಗಿತ ನಿಂತಲ್ಲೇ ನಿಂತಿದೆ. ಏನು ತಪ್ಪು? ತೂಕ 70 ಕಿಲೊ.

ಉತ್ತರ: ತಪ್ಪೇನಿಲ್ಲ, ಆ ದಾರಿ ಮುಗಿಯಿತು ಅಷ್ಟೆ. ಜಿಗಿಯುವಾಗ ಕಾಲು ನೆಲವನ್ನು ಒತ್ತಿ ಮೇಲೇಳಲು ಸಿಗುವುದು ಸೆಕೆಂಡಿನ ಕಾಲುಭಾಗ, ಹೆಚ್ಚೆಂದರೆ ಇನ್ನೊಂಚೂರು. ಸ್ನಾಯು ತನ್ನ ಪೂರ್ತಿ ಬಲಕ್ಕೆ ಬರಲು ಅದಕ್ಕಿಂತ ಹೆಚ್ಚು ಹೊತ್ತು ಬೇಕು. ಭಾರದ ಸ್ಕ್ವಾಟ್‌ನಲ್ಲಿ ಎರಡು ಮೂರು ಸೆಕೆಂಡ್ ಸಿಗುವುದರಿಂದ ಅಲ್ಲಿ ಇದು ಅಡ್ಡಿಯಲ್ಲ. ಬಲವಿಲ್ಲದವರಿಗೆ ಬಲ ಬಂದರೆ ಜಿಗಿತವೂ ಏರುತ್ತದೆ, ನಿಮ್ಮ ಮೊದಲ ವರ್ಷ ಆಗಿದ್ದು ಅದು. ಈಗ ಬಲ ಇದೆ, ಹೊತ್ತಿಗೆ ಸರಿಯಾಗಿ ಬರುತ್ತಿಲ್ಲ.

ಕೊರತೆ ಎಲ್ಲಿದೆ ಎಂದು ಮೂರು ಜಿಗಿತಗಳಲ್ಲಿ ಪತ್ತೆ ಮಾಡಬಹುದು. ಮೂರರಲ್ಲೂ ಕೈ ಸೊಂಟದ ಮೇಲಿರಲಿ, 240 ಚಿತ್ರದ ವಿಡಿಯೊದಲ್ಲಿ ಅಳೆಯಿರಿ. ಮೊದಲನೆಯದು: ಅರೆಕೂತು ಮೂರು ಸೆಕೆಂಡ್ ಅಲ್ಲಾಡದೆ ನಿಂತು, ಅಲ್ಲಿಂದಲೇ ಜಿಗಿಯುವುದು. ಎರಡನೆಯದು: ನಿಂತು, ಸರಕ್ಕನೆ ಬಗ್ಗಿ, ತಡೆಯದೆ ಜಿಗಿಯುವುದು. ಮೂರನೆಯದು: 30 ಸೆಂ.ಮೀ. ಪೆಟ್ಟಿಗೆಯಿಂದ ಇಳಿದು, ನೆಲ ತಾಗಿದ ಕೂಡಲೇ ಜಿಗಿಯುವುದು. ಎರಡನೆಯದು ಮೊದಲನೆಯದಕ್ಕಿಂತ ಎರಡು ಮೂರು ಸೆಂ.ಮೀ. ಆದರೂ ಹೆಚ್ಚಿರಬೇಕು, ಇಲ್ಲದಿದ್ದರೆ ಬಗ್ಗಿದಾಗ ಸಿಗುವ ಎಳೆತವನ್ನು ನೀವು ಬಳಸುತ್ತಿಲ್ಲ. ಮೂರನೆಯದು ಎರಡನೆಯದಕ್ಕಿಂತ ತೀರಾ ಕಡಿಮೆಯಾದರೆ ನೆಲ ತಾಗಿದೊಡನೆ ಕಾಲು ಕುಸಿಯುತ್ತಿದೆ ಎಂದರ್ಥ. ವರ್ಷಗಟ್ಟಲೆ ಬರೀ ಭಾರ ಎತ್ತಿದವರಲ್ಲಿ ಈ ಎರಡೂ ಸಾಮಾನ್ಯ.

ಎಂಟು ವಾರ ಹೀಗೆ ಮಾಡಿ. ವಾರಕ್ಕೆ ಎರಡೇ ದಿನ, ನಡುವೆ ಎರಡು ದಿನ ಬಿಡುವು. ಸ್ಕ್ವಾಟ್ ಬಿಡಬೇಡಿ, ಆದರೆ ಜಿಗಿತದ ನಂತರ ಮಾಡಿ, ನಿಮ್ಮ ಗರಿಷ್ಠದ ಶೇ. 80ರಲ್ಲಿ 3 ಸೆಟ್ (ಬಿಡುವಿಲ್ಲದೆ ಮಾಡುವ ಒಂದು ಸುತ್ತು), ಸೆಟ್ಟಿಗೆ 4 ಸಲ ಸಾಕು. ಈ ಎರಡು ತಿಂಗಳು ಸ್ಕ್ವಾಟ್‌ನಲ್ಲಿ ದಾಖಲೆ ಬೇಡ.

ಮೊದಲ ಎರಡು ವಾರ ಇಳಿಯುವುದನ್ನು ಕಲಿಯಿರಿ: 30 ಸೆಂ.ಮೀ. ಪೆಟ್ಟಿಗೆಯಿಂದ ಇಳಿದು ಸದ್ದಿಲ್ಲದೆ ನಿಲ್ಲುವುದು, 3 ಸೆಟ್, 5 ಸಲ. ಮಂಡಿಗಳು ಒಳಕ್ಕೆ ವಾಲಬಾರದು, ಪಾದದ ಎರಡನೇ ಬೆರಳಿನ ನೇರಕ್ಕಿರಬೇಕು. ಜೊತೆಗೆ ನಿಂತು ಜಿಗಿಯುವುದು 4 ಸೆಟ್, 4 ಸಲ. ಮೂರರಿಂದ ಐದನೇ ವಾರ: ತಲೆಯ ಮೇಲೆ ಒಂದು ರಿಬ್ಬನ್ ತೂಗಿಬಿಟ್ಟು ಅದನ್ನು ಮುಟ್ಟಲು ಪೂರ್ತಿ ದಮ್ಮಿನಿಂದ 5 ಸೆಟ್, 3 ಸಲ; ಎರಡೂ ಕೈಯಲ್ಲಿ ಐದೈದು ಕಿಲೊ ಡಂಬೆಲ್ ಹಿಡಿದು ಜಿಗಿಯುವುದು 3 ಸೆಟ್, 4 ಸಲ; ಮಂಡಿ ಹೆಚ್ಚು ಮಡಚದೆ ಹರಡಿನಿಂದಲೇ ಪುಟಿಯುವ ಸಣ್ಣ ನೆಗೆತ 3 ಸೆಟ್, 10 ಸಲ. ರಿಬ್ಬನ್ ಕೆಲಸಕ್ಕೆ ಬಾರದ ಅಲಂಕಾರ ಅಂದುಕೊಳ್ಳಬೇಡಿ. ಕಣ್ಣೆದುರು ಗುರಿಯಿದ್ದಾಗ ಬೀಳುವ ದಮ್ಮೇ ಬೇರೆ.

ಆರು, ಏಳನೇ ವಾರ ಡೆಪ್ತ್ ಜಂಪ್. 1960ರ ದಶಕದಲ್ಲಿ ಸೋವಿಯತ್ ತರಬೇತುದಾರ ಯೂರಿ ವೆರ್ಖೊಶಾನ್‌ಸ್ಕಿ ಬೆಳೆಸಿದ ಕ್ರಮವಿದು. ಹೆಚ್ಚಿನವರು ಕೆಡಿಸುವುದೂ ಇದನ್ನೇ. ಪೆಟ್ಟಿಗೆಯಿಂದ ಜಿಗಿದು ಇಳಿಯಬಾರದು, ಒಂದು ಕಾಲನ್ನು ಗಾಳಿಗೆ ಚಾಚಿ ಸುಮ್ಮನೆ ಬೀಳಬೇಕು. ಎರಡೂ ಪಾದ ಒಟ್ಟಿಗೆ, ಪಾದದ ಮುಂಭಾಗದಲ್ಲಿ ತಾಗಬೇಕು. ನೆಲ ಕಾದ ಹಂಚು ಎಂಬಂತೆ ತಕ್ಷಣ ಎದ್ದುಬಿಡಬೇಕು. ಕಿವಿಗೊಟ್ಟು ಕೇಳಿ: ‘ಟಪ್’ ಎಂದರೆ ಸರಿ, ‘ಧಡ್’ ಎಂದು ಹಿಮ್ಮಡಿ ಬಡಿದರೆ ಪೆಟ್ಟಿಗೆ ನಿಮಗೆ ಎತ್ತರವಾಯಿತು, 20ಕ್ಕೆ ಇಳಿಸಿ. ನೆಲದಲ್ಲಿರುವ ಹೊತ್ತು ಕಾಲು ಸೆಕೆಂಡ್ ದಾಟಬಾರದು, ಅಂದರೆ ಸ್ಲೋ ಮೋಷನ್‌ನಲ್ಲಿ 60 ಚಿತ್ರ. 4 ಸೆಟ್, 4 ಸಲ, ನಡುವೆ ಎರಡು ಮೂರು ನಿಮಿಷ ಬಿಡುವು. ಎಂಟನೇ ವಾರ ಎಲ್ಲವನ್ನೂ ಅರ್ಧಕ್ಕಿಳಿಸಿ, ವಾರದ ಕೊನೆಗೆ ಅಳೆಯಿರಿ.

ಇಡೀ ಕ್ರಮ ಕೆಡುವುದು ಒಂದೇ ಜಾಗದಲ್ಲಿ: ಬೆವರು ಬಂದಿಲ್ಲ, ಸುಸ್ತಾಗಿಲ್ಲ, ಇದೂ ಒಂದು ವ್ಯಾಯಾಮವೇ ಎಂದು ಬಿಡುವಿನ ಮೂರು ನಿಮಿಷವನ್ನು ಮೂವತ್ತು ಸೆಕೆಂಡಿಗೆ ಇಳಿಸುವುದು. ಆಗ ದೇಹ ಕಲಿಯುವುದು ಸುಸ್ತಾಗಿ ಕಡಿಮೆ ಜಿಗಿಯುವುದನ್ನು. ರಿಬ್ಬನ್ ನಾಲ್ಕು ಬೆರಳು ದೂರವಾದ ಕೂಡಲೇ ಆ ದಿನದ ಲೆಕ್ಕ ಮುಗಿಸಿ, ಸೆಟ್ ಉಳಿದಿದ್ದರೂ ಸರಿ. ಒಂದು ದಿನಕ್ಕೆ ಪಾದ ನೆಲ ತಾಗುವುದು 60ರಿಂದ 80 ಸಲ, 100ರ ಆಚೆ ಬೇಡ. ಆ ದಿನ ಪಂದ್ಯವಿದ್ದರೆ ಅಲ್ಲಿನ ಜಿಗಿತಗಳೂ ಈ ಲೆಕ್ಕದವೇ.

ಪ್ರಶ್ನೆ: ನಿಂತು ಜಿಗಿದರೂ, ಓಡಿಬಂದು ಜಿಗಿದರೂ ನನ್ನ ಗುರುತು ಒಂದೇ ಕಡೆ ಬೀಳುತ್ತದೆ. ಓಟದಿಂದ ಲಾಭವಾಗಬೇಕಲ್ಲವೇ?

ಉತ್ತರ: ಆಗಬೇಕು. ಓಟದ ವೇಗ ಮೇಲಕ್ಕೆ ತಿರುಗುವುದು ಕೊನೆಯ ಎರಡು ಹೆಜ್ಜೆಗಳಲ್ಲಿ. ಕೊನೆಯದರ ಹಿಂದಿನ ಹೆಜ್ಜೆ ಉದ್ದವಾಗಿ, ಹಿಮ್ಮಡಿ ಮೊದಲು ಊರಿ, ಸೊಂಟವನ್ನು ಕೆಳಗಿಳಿಸಬೇಕು. ಎರಡೂ ಕೈ ಆ ಹೊತ್ತಿಗೆ ಹಿಂದಕ್ಕೆ ಹೋಗಿರಬೇಕು. ಕೊನೆಯ ಹೆಜ್ಜೆ ಗಿಡ್ಡ, ಬೇಗ. ಅದು ಮುಂದಕ್ಕೆ ಹೋಗುವುದನ್ನು ತಡೆಯುವ ಬ್ರೇಕು. ಬಲಗೈಯಿಂದ ಹೊಡೆಯುವವರಿಗೆ ಮೂರು ಹೆಜ್ಜೆಯ ಕ್ರಮ ಎಡ, ಬಲ, ಎಡ. ಅನೇಕರು ಇದನ್ನು ತಿರುಗಾಮುರುಗಾ ಮಾಡುತ್ತಾರೆ, ಕೊನೆಯ ಹೆಜ್ಜೆಯನ್ನೇ ಉದ್ದ ಚಾಚುತ್ತಾರೆ. ಆಗ ವೇಗವೆಲ್ಲ ಮುಂದಕ್ಕೆ ಹರಿದು ನೆಟ್ಟಿನ ಮೇಲೆ ಬೀಳುತ್ತಾರೆ. ಜಿಗಿದ ಜಾಗಕ್ಕೂ ಇಳಿದ ಜಾಗಕ್ಕೂ ಗುರುತು ಹಾಕಿ ನೋಡಿ. ನಡುವೆ ಮೀಟರ್‌ಗಿಂತ ಹೆಚ್ಚಿದ್ದರೆ ಕಾಯಿಲೆ ಅಲ್ಲೇ ಇದೆ. ಮೊದಲು ಓಡದೆ, ಕೊನೆಯ ಎರಡು ಹೆಜ್ಜೆ ಮಾತ್ರ ನಡೆಯುತ್ತಾ ಅಭ್ಯಾಸ ಮಾಡಿ.

ಕೈ ಬೀಸದೆ ಜಿಗಿಯುವವರೂ ಇದ್ದಾರೆ. ಕೈ ಬೀಸಿದರೆ ಜಿಗಿತ ಹತ್ತರಲ್ಲಿ ಒಂದು ಪಾಲಿನಷ್ಟು ಹೆಚ್ಚುತ್ತದೆ; ಇಷ್ಟು ಅಗ್ಗದ ಲಾಭ ಬೇರೆಲ್ಲೂ ಇಲ್ಲ.

ಪ್ರಶ್ನೆ: ಎರಡು ತಿಂಗಳ ತರಬೇತಿಯ ನಂತರ ಮಂಡಿಚಿಪ್ಪಿನ ಕೆಳಗೆ ನೋವು. ಆಡಲು ಶುರುಮಾಡಿದರೆ ಮಾಯ, ಮರುದಿನ ಮೆಟ್ಟಿಲಿಳಿಯುವಾಗ ಚುಚ್ಚುತ್ತದೆ. ಪೂರ್ತಿ ವಿಶ್ರಾಂತಿ ತೆಗೆದುಕೊಳ್ಳಬೇಕೇ?

ಉತ್ತರ: ನೋವಿನ ಜಾಗವನ್ನು ಒಂದೇ ಬೆರಳಿನಿಂದ, ಚಿಪ್ಪಿನ ಕೆಳತುದಿಯಲ್ಲಿ ತೋರಿಸಲು ಆಗುತ್ತಿದ್ದರೆ ಅದು ಹೆಚ್ಚಾಗಿ ‘ಜಂಪರ್ಸ್ ನೀ’, ಚಿಪ್ಪನ್ನು ಮಂಡಿಯ ಕೆಳಗಿನ ಕಾಲಿನ ಮೂಳೆಗೆ ಕಟ್ಟಿರುವ ಸ್ನಾಯುರಜ್ಜುವಿನ ತೊಂದರೆ. ಸ್ನಾಯು ವಾರಗಳಲ್ಲಿ ಬಲಿಯುತ್ತದೆ, ರಜ್ಜು ಬಲಿಯಲು ತಿಂಗಳುಗಳು ಬೇಕು. ಎರಡು ತಿಂಗಳಿಗೆ ಸರಿಯಾಗಿ ನೋವು ಕಾಣಿಸಿಕೊಳ್ಳುವುದರ ಗುಟ್ಟು ಇದು.

ಪೂರ್ತಿ ವಿಶ್ರಾಂತಿಯಿಂದ ನೋವು ಹೋಗುತ್ತದೆ, ಆದರೆ ರಜ್ಜು ಇನ್ನಷ್ಟು ದುರ್ಬಲವಾಗುತ್ತದೆ. ಮತ್ತೆ ಆಡಿದ ವಾರವೇ ನೋವು ಹಾಜರು. ಜಿಗಿತ ನಿಲ್ಲಿಸಿ, ಭಾರ ನಿಲ್ಲಿಸಬೇಡಿ. ಮೊದಲು ಅಲ್ಲಾಡದ ವ್ಯಾಯಾಮ: ಕೂತು ಕಾಲು ಚಾಚಿ ಭಾರ ಎತ್ತುವ ಲೆಗ್ ಎಕ್ಸ್‌ಟೆನ್ಶನ್ ಯಂತ್ರದಲ್ಲಿ ಮಂಡಿಯನ್ನು ಸುಮಾರು 60 ಡಿಗ್ರಿ ಮಡಚಿ ಹಿಡಿದು 45 ಸೆಕೆಂಡ್, ಎರಡು ನಿಮಿಷ ಬಿಡುವು, ಹೀಗೆ ಐದು ಸಲ. ಯಂತ್ರ ಇಲ್ಲದಿದ್ದರೆ ಗೋಡೆಗೊರಗಿ ಕುರ್ಚಿಯಲ್ಲಿ ಕೂತಂತೆ. ನೋವು ತಗ್ಗಿದ ಮೇಲೆ ನಿಧಾನದ ಸ್ಕ್ವಾಟ್: ಮೂರು ಸೆಕೆಂಡ್ ಇಳಿಯಲು, ಮೂರು ಸೆಕೆಂಡ್ ಏಳಲು, ವಾರಕ್ಕೆ ಮೂರು ದಿನ, 4 ಸೆಟ್. ಸೆಟ್ಟಿಗೆ 15ರಿಂದ ಶುರುಮಾಡಿ, ಭಾರ ಹೆಚ್ಚಿಸುತ್ತಾ ಹನ್ನೆರಡು ವಾರದಲ್ಲಿ 6ಕ್ಕೆ ಬನ್ನಿ.

ಮಾಡುವಾಗ ಹತ್ತರಲ್ಲಿ ಮೂರರಷ್ಟು ನೋವಿದ್ದರೆ ಚಿಂತೆಯಿಲ್ಲ. ತೀರ್ಪು ಹೇಳುವುದು ಮರುದಿನದ ಬೆಳಗ್ಗೆ: ಅದೇ ಮೆಟ್ಟಿಲು ಇಳಿದು ನೋಡಿ, ನಿನ್ನೆಗಿಂತ ಹೆಚ್ಚು ಚುಚ್ಚಿದರೆ ಭಾರ ಇಳಿಸಿ. ಜಿಗಿತಕ್ಕೆ ಮರಳುವಾಗ ಮೊದಲು ಸಣ್ಣ ಪುಟಿತ, ಆಮೇಲೆ ನಿಂತು ಜಿಗಿಯುವುದು, ಡೆಪ್ತ್ ಜಂಪ್ ಎಲ್ಲಕ್ಕಿಂತ ಕೊನೆಗೆ. ಮಂಡಿ ಊದಿದ್ದರೆ, ಸಿಕ್ಕಿಹಾಕಿಕೊಂಡಂತಾದರೆ, ನಡೆಯುವಾಗ ಕೈಕೊಟ್ಟರೆ, ಅಥವಾ ಇಳಿಯುವಾಗ ‘ಟಕ್’ ಎಂದು ಸದ್ದಾಗಿ ನೋವು ಶುರುವಾಗಿದ್ದರೆ ಇದ್ಯಾವುದನ್ನೂ ಮಾಡಬೇಡಿ, ಮೂಳೆ ವೈದ್ಯರಲ್ಲಿ ತೋರಿಸಿ.

ಇನ್ನು ಚುಟುಕಾಗಿ ಕೆಲವು

ಕಾಲಿಗೆ ತೂಕದ ಪಟ್ಟಿ ಕಟ್ಟಿ ಅಭ್ಯಾಸ ಮಾಡಬಹುದೇ? ಬೇಡ. ಕಾಲಿನ ತುದಿಗೆ ಕಟ್ಟಿದ ತೂಕ ಜಿಗಿಯುವ ರೀತಿಯನ್ನೇ ಬದಲಿಸುತ್ತದೆ. ತೂಕ ಬೇಕಿದ್ದರೆ ಕೈಯಲ್ಲಿರಲಿ.

ವಿಡಿಯೊಗಳಲ್ಲಿ 120 ಸೆಂ.ಮೀ. ಪೆಟ್ಟಿಗೆಯ ಮೇಲೆ ಹಾರುತ್ತಾರಲ್ಲ? ಅವರ ಸೊಂಟವನ್ನು ನೋಡಿ, ಪಾದವನ್ನಲ್ಲ. ಸೊಂಟ ಏರಿದ್ದು ಅರ್ಧದಷ್ಟಿರಬಹುದು. ಉಳಿದದ್ದು ಮಂಡಿಯನ್ನು ಎದೆಗೆ ಎಳೆದುಕೊಂಡದ್ದು. ತಪ್ಪಿದರೆ ಮಂಡಿಯ ಕೆಳಗಿನ ಚರ್ಮ ಪೆಟ್ಟಿಗೆಯ ಅಂಚಿಗೆ.

ಕೆಲವರು ಗಾಳಿಯಲ್ಲಿ ನಿಂತಂತೆ ಕಾಣುವುದೇಕೆ? ಯಾರೂ ನಿಲ್ಲುವುದಿಲ್ಲ. ಮೇಲಿರುವ ಹೊತ್ತಿನಲ್ಲಿ ಅರ್ಧ ಕಳೆಯುವುದು ಎತ್ತರದ ಮೇಲಿನ ಕಾಲುಭಾಗದಲ್ಲೇ. 40 ಸೆಂ.ಮೀ. ಏರಿದವರು ಒಟ್ಟು 0.57 ಸೆಕೆಂಡ್ ಮೇಲಿರುತ್ತಾರೆ, ಅದರಲ್ಲಿ ಅರ್ಧ ಕೊನೆಯ 10 ಸೆಂ.ಮೀ. ಒಳಗೆ. ಕಣ್ಣಿಗೆ ಅದು ನಿಂತಂತೆ.

ಮಗನಿಗೆ 13. ಜಿಗಿತದಿಂದ ಎತ್ತರ ಬೆಳೆಯುತ್ತಾನೆಯೇ? ಅವನ ಮಂಡಿಯ ಕೆಳಗೆ ಗಂಟಿನಂತೆ ಉಬ್ಬಿ ನೋಯುವುದೇಕೆ? ಎತ್ತರಕ್ಕೂ ಜಿಗಿತಕ್ಕೂ ಸಂಬಂಧವಿಲ್ಲ. ಆ ಉಬ್ಬು, ಬೆಳೆಯುವ ವಯಸ್ಸಿನಲ್ಲಿ ರಜ್ಜು ಮೂಳೆಯನ್ನು ಎಳೆಯುವುದರಿಂದ ಬರುವ ಆಸ್ಗುಡ್-ಶ್ಲಾಟರ್ ಇರಬಹುದು. ಒಮ್ಮೆ ವೈದ್ಯರಿಗೆ ತೋರಿಸಿ. ನೋವು ತಡೆಯುವಷ್ಟಿದ್ದರೆ ಆಡಲಿ, ಪೆಟ್ಟಿಗೆಯಿಂದ ಇಳಿದು ಜಿಗಿಯುವುದು ಬೇಡ.

ನನಗೆ 46. ಬ್ಯಾಡ್ಮಿಂಟನ್ ಆಡುತ್ತೇನೆ. ಜಿಗಿದರೆ ಮೂತ್ರ ಸೋರುತ್ತದೆ, ಕೇಳಲು ನಾಚಿಕೆ, ಏನು ಮಾಡಲಿ? ಹೆರಿಗೆಯಾದ ಹೆಂಗಸರಲ್ಲಿ ಇದು ಬಹಳ ಸಾಮಾನ್ಯ, ಆದರೆ ಸಹಿಸಿಕೊಂಡೇ ಇರಬೇಕಾದದ್ದಲ್ಲ. ಶ್ರೋಣಿತಳದ (ಸೊಂಟದ ತಳದಲ್ಲಿ ಮೂತ್ರಕೋಶವನ್ನು ಹೊತ್ತಿರುವ) ಸ್ನಾಯುಗಳನ್ನು ಬಲಪಡಿಸುವ ವ್ಯಾಯಾಮ ಕಲಿಸುವ ಫಿಸಿಯೋಥೆರಪಿಸ್ಟ್‌ಗಳಿದ್ದಾರೆ. ಮೂರು ತಿಂಗಳು ಬಿಡದೆ ಮಾಡಿದರೆ ಹೆಚ್ಚಿನವರಿಗೆ ಗುಣ ಕಾಣುತ್ತದೆ. ಅಲ್ಲಿಯವರೆಗೆ ಜಿಗಿತದ ಬದಲು ತುದಿಗಾಲಿಗೇರಿ ಹಿಮ್ಮಡಿಯನ್ನು ನೆಲಕ್ಕೆ ತಟ್ಟುವುದು, ದಿನಕ್ಕೆ 20 ಸಲ. ಮೂಳೆ ಸವೆತ ಇದೆಯೆಂದು ವೈದ್ಯರು ಹೇಳಿದ್ದರೆ ಇದನ್ನೂ ಅವರನ್ನು ಕೇಳಿಯೇ ಶುರುಮಾಡಿ.